ಹನ್ನೆರಡು ಕುರ್ಚಿ, ಮೂರು ಪಂಕ್ತಿ

ಗೋವಿಂದರಾಜನಗರದ ಒಂದು ಅಡ್ಡರಸ್ತೆ. ಬೀದಿದೀಪ ಇನ್ನೂ ಆರಿಲ್ಲ, ಹಾಲಿನ ಬೂತಿನ ಶಟರ್ ಅರ್ಧ ಮಾತ್ರ ಎದ್ದಿದೆ. ಇಷ್ಟು ಹೊತ್ತಿಗೆ ಜಗದಾಂಬಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಯಲ್ಲಿ ನಾಲ್ಕು ಪ್ಲಾಸ್ಟಿಕ್ ಕ್ಲಿಪ್ಪು ಕಚ್ಚಿಕೊಂಡು, ನೈಲಾನ್ ಹಗ್ಗಕ್ಕೆ ಏನೋ ನೇತುಹಾಕುತ್ತಿದ್ದಾರೆ. ದೂರದಿಂದ ನೋಡಿದವರಿಗೆ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತದೆ. ಹತ್ತಿರ ಬಂದರೆ ಗೊತ್ತಾಗುತ್ತದೆ, ಒಣಗುತ್ತಿರುವುದು ಸುದ್ದಿ. ಮೊದಲ ಕ್ಲಿಪ್ಪಿಗೆ ರಾಜ್ಯ, ಅದರ ಪಕ್ಕ ದೇಶ, ಆಮೇಲೆ ವಿದೇಶ, ಮೂಲೆ ತಿರುಗಿದರೆ ಕ್ರಿಕೆಟ್. ಹಗ್ಗ ಗೋಡೆಯಿಂದ ಎರಡು ಮಾರು ಆಚೆ ಇದೆ, ಹಾಳೆಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಂತು ಓದಬಹುದು. ಸುದ್ದಿಗೆ ಎರಡು ಮಗ್ಗುಲು ಇರುತ್ತವೆ ಎಂಬ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಜಾಗ ಬೆಂಗಳೂರಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಕೊನೆಯ ಕ್ಲಿಪ್ಪು ಬಾಯಿಂದ ಹಗ್ಗಕ್ಕೆ ಏರುವಷ್ಟರಲ್ಲಿ ಜನ ಬಂದಾಗಿದೆ. ವಾಕಿಂಗ್ ಮುಗಿಸಿದವರು, ರಾತ್ರಿ ಪಾಳಿ ಮುಗಿಸಿದ ಸೆಕ್ಯೂರಿಟಿಯವರು, ಮನೆಯಲ್ಲಿ ಇನ್ನೂ ಕಾಫಿ ಆಗಿಲ್ಲವೆಂದು ಎದ್ದು ಬಂದವರು. ಎಲ್ಲರೂ ರಾಜ್ಯದಿಂದ ಶುರುಮಾಡಿ ಕ್ರಿಕೆಟ್ಟಿನ ಕಡೆಗೆ ಒಂದೇ ದಿಕ್ಕಿನಲ್ಲಿ ಸರಿಯುತ್ತಾರೆ. ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಷ್ಟೇ ಶಿಸ್ತು. ಹೊಸಬರೊಬ್ಬರು ಸೀದಾ ಕ್ರಿಕೆಟ್ಟಿಗೆ ನುಗ್ಗಿದರೆ ಹಿಂದಿನಿಂದ ದನಿ ಬರುತ್ತದೆ.

‘ಸಾರ್, ವನ್ ವೇ! ಆ ಕಡೆಯಿಂದ ಬನ್ನಿ. ಸ್ಕೋರು ಎಲ್ಲೂ ಓಡ್ಹೋಗಲ್ಲ.’

ಜಗದಾಂಬಾ ಈ ಗ್ರಂಥಾಲಯದ ಮೇಲ್ವಿಚಾರಕಿ. ಗುಮಾಸ್ತೆ, ಜವಾನ, ಕಸ ಗುಡಿಸುವವರು, ಟ್ರಾಫಿಕ್ ಪೊಲೀಸ್ ಕೂಡ ಅವರೇ. ಗ್ರಂಥಾಲಯ ಎಂದರೆ ಒಂದೇ ಕೋಣೆ. ಹಿಂದೆ ಇದು ಬೋರ್‌ವೆಲ್ಲಿನ ಪಂಪ್ ಹೌಸ್ ಆಗಿತ್ತು. ನೀರು ಬತ್ತಿತು, ಆಮೇಲೆ ಯಾರೋ ಪುಣ್ಯಾತ್ಮರು ಅಲ್ಲಿ ಪುಸ್ತಕ ಬಿತ್ತಿದರು. ಮೂರು ಗೋಡೆಗೆ ಪುಸ್ತಕದ ಬೀರು, ನಾಲ್ಕನೆಯದಕ್ಕೆ ಬಾಗಿಲು, ಮಧ್ಯೆ ಒಂದು ಉದ್ದ ಮೇಜು, ಸುತ್ತ ಹನ್ನೆರಡು ಕುರ್ಚಿ. ಹದಿಮೂರನೆಯದನ್ನು ಒಳಗೆ ತಂದರೆ ಬಾಗಿಲು ಮುಚ್ಚುವುದಿಲ್ಲ. ಹದಿಮೂರನೆಯದು ಇಲ್ಲದಿದ್ದರೂ ಅದು ಸರಿಯಾಗಿ ಮುಚ್ಚುವುದಿಲ್ಲ, ಅದು ಬೇರೆ ಮಾತು.

ಇಷ್ಟು ಪುಟ್ಟ ಕೋಣೆಯಲ್ಲಿ ದಿನಕ್ಕೆ ಇನ್ನೂರರ ಆಸುಪಾಸು ಜನ ಓದುವುದು ಹೇಗೆಂದರೆ, ಮದುವೆ ಮನೆಯ ಊಟದ ಹಾಗೆ. ಪಂಕ್ತಿ ಪಂಕ್ತಿಯಾಗಿ.

ಮೊದಲ ಪಂಕ್ತಿ ಹಗ್ಗದ ಪಂಕ್ತಿ. ಒಂಬತ್ತರ ಹೊತ್ತಿಗೆ ಅದು ಏಳುತ್ತದೆ, ಹಾಳೆಗಳು ಕೆಳಗಿಳಿದು ಮತ್ತೆ ಪತ್ರಿಕೆಯಾಗಿ ಪಿನ್ ಹೊಡೆಸಿಕೊಂಡು ಒಳಗೆ ಹೋಗುತ್ತವೆ. ಆಗ ಎರಡನೆಯ ಪಂಕ್ತಿ. ಇಂಡಿ, ಸಿಂದಗಿ, ಲಿಂಗಸುಗೂರು ಕಡೆಗಳಿಂದ ಬಂದು ಇಲ್ಲೇ ಪಿ.ಜಿ.ಗಳಲ್ಲಿ ಇದ್ದುಕೊಂಡು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಮೊದಲು ಬಂದ ಹನ್ನೆರಡು ಮಂದಿಗೆ ಕುರ್ಚಿ, ಉಳಿದವರಿಗೆ ಮೆಟ್ಟಿಲು, ಕಟ್ಟೆ, ಹೊಂಗೆ ಮರದ ಬುಡ. ಊಟದ ಹೊತ್ತಿಗೆ ಕುರ್ಚಿಯವರು ಮೆಟ್ಟಿಲಿಗೆ, ಮೆಟ್ಟಿಲಿನವರು ಕುರ್ಚಿಗೆ. ಸಂಜೆಯದು ಮೂರನೆಯ ಪಂಕ್ತಿ. ಸ್ಕೂಲ್ ಬ್ಯಾಗಿನ ಮಕ್ಕಳು, ವಾರಪತ್ರಿಕೆಯ ಧಾರಾವಾಹಿಗೆ ಕಾದಿರುವ ಗೃಹಿಣಿಯರು, ಆರ್ಡರ್ ಬರುವವರೆಗೆ ಸ್ಕೂಟರಿನ ಮೇಲೇ ಕೂತು ಪತ್ತೇದಾರಿ ಕಾದಂಬರಿ ಓದುವ ಡೆಲಿವರಿ ಹುಡುಗರು. ಕೊಲೆಗಾರ ಯಾರೆಂದು ತಿಳಿಯುವ ಪುಟದಲ್ಲೇ ಯಾರಿಗೋ ಬಿರಿಯಾನಿ ಹಸಿವಾಗುತ್ತದೆ. ಹುಡುಗ ಗಾಡಿ ಚಾಲೂ ಮಾಡುತ್ತಲೇ ಕೂಗುತ್ತಾನೆ, ‘ಆಂಟಿ, ಪೇಜ್ ಮಡ್ಚಿಡಿ, ಇಪ್ಪತ್ ನಿಮಿಷ, ಬಂದೆ!’

‘ಮಡ್ಚಲ್ಲ ಕಣೋ, ಕಿವಿ ಹಿಂಡ್ತೀನಿ’ ಎನ್ನುತ್ತಾ ಅವರು ಬಸ್ ಟಿಕೆಟ್ಟೊಂದನ್ನು ಪುಟದ ನಡುವೆ ಸಿಕ್ಕಿಸುತ್ತಾರೆ.

ಚಿತ್ರದುರ್ಗದ ಕಡೆಯ ಜಗದಾಂಬಾ ಮದುವೆಯಾಗಿ ಬೆಂಗಳೂರಿಗೆ ಬಂದವರು. ಗಂಡ ಉದಯಕುಮಾರ್ ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಾರೆ. ಜಗದಾಂಬಾ ಕಸ ಗುಡಿಸುವ ಕೆಲಸಕ್ಕೆಂದು ಈ ಕೋಣೆಗೆ ಕಾಲಿಟ್ಟರು, ಗುಡಿಸುತ್ತಾ ಗುಡಿಸುತ್ತಾ ಪುಸ್ತಕದ ಬೆನ್ನು ಓದಿದರು, ಆಮೇಲೆ ಹೊಟ್ಟೆಯನ್ನೂ ಓದಿದರು. ಹತ್ತನೇ ಕ್ಲಾಸಿಗೆ ನಿಂತಿದ್ದ ಓದು ಇಲ್ಲೇ ಮುಂದುವರಿಯಿತು, ಪದವಿಯೂ ಆಯಿತು. ಆಗ ಇಲ್ಲಿ ಮೇಲ್ವಿಚಾರಕರಾಗಿದ್ದ ಕರಿಬಸಪ್ಪನವರು ನಿವೃತ್ತರಾಗುವಾಗ ಬೀಗದಕೈ ಇವರ ಕೈಗಿಟ್ಟು, ಜೊತೆಗೆ ಒಂದು ಗುಟ್ಟಿನ ಪಾಠವನ್ನೂ ಹೇಳಿಹೋದರು. ತೊಂದರೆ ಶುರುವಾದದ್ದೇ ಆ ಪಾಠದಿಂದ.

ಪ್ರತಿ ತಿಂಗಳೂ ಮೇಲಿನ ಕಚೇರಿಗೆ ಒಂದು ವರದಿ ಹೋಗಬೇಕು. ಅದರಲ್ಲಿ ‘ದೈನಿಕ ಓದುಗರು’ ಎಂಬ ಕಲಂ ಇದೆ. ಬಹಳ ಹಿಂದೆ ಕರಿಬಸಪ್ಪನವರು ಸತ್ಯವಾಗಿ ನೂರು ಎಂದು ಬರೆದಿದ್ದರಂತೆ. ಕೂಡಲೇ ಆಡಿಟ್ಟಿನಿಂದ ಪ್ರಶ್ನೆ ಬಂತು: ದಾಸ್ತಾನಿನಲ್ಲಿ ಇರುವುದು ಹನ್ನೆರಡು ಕುರ್ಚಿ, ನೂರು ಜನ ಯಾವುದರ ಮೇಲೆ ಕುಳಿತರು? ಉಳಿದ ಎಂಬತ್ತೆಂಟು ಕುರ್ಚಿ ಎಲ್ಲಿಂದ ಬಂದವು, ಈಗ ಎಲ್ಲಿವೆ? ಇಲ್ಲದ ಕುರ್ಚಿಗಳಿಗೆ ಲೆಕ್ಕ ಕೊಡಲು ಕರಿಬಸಪ್ಪನವರಿಗೆ ಎರಡು ವರ್ಷ ಹಿಡಿಯಿತು. ಅಲ್ಲಿಂದ ಮುಂದೆ ಅವರು ಬರೆದದ್ದು ಒಂದೇ ಸಂಖ್ಯೆ.

‘ಕುರ್ಚಿ ಎಷ್ಟೋ ಓದುಗರು ಅಷ್ಟೇ ಕಣಮ್ಮ. ನಿಂತ್ಕೊಂಡು ಓದೋನು ಸರ್ಕಾರದ ಕಣ್ಣಿಗೆ ಕಾಣಲ್ಲ’ ಅಂತ ಅವರು ಹೇಳಿಕೊಟ್ಟರು, ಇವರು ಹಾಗೇ ಬರೆದುಕೊಂಡು ಬಂದರು. ಭಾನುವಾರವೂ ಹನ್ನೆರಡು, ಯುಗಾದಿಗೂ ಹನ್ನೆರಡು.

ಇದು ಈ ಒಂದು ಕೋಣೆಯ ಜಾಣತನವಾಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆಡಿಟ್ಟಿನ ಭಯಕ್ಕೆ ಶಾಖೆಗಳುಂಟು. ಸುತ್ತಲಿನ ಎಲ್ಲ ಗ್ರಂಥಾಲಯಗಳವರೂ ಅವರವರ ಕುರ್ಚಿ ಎಣಿಸಿ ಅದನ್ನೇ ಓದುಗರೆಂದು ಕಳಿಸುತ್ತಿದ್ದರು. ಮೆಟ್ರೋ ಕಂಬಗಳ ಆಚೆ ಮೂರು ಅಂತಸ್ತಿನ ಹೊಸ ಗ್ರಂಥಾಲಯ ಎದ್ದಿತು, ಅದಕ್ಕೆ ಇನ್ನೂರು ಕುರ್ಚಿ ಬಂತು. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಮೊದಲೇ ಅಲ್ಲಿಂದ ಇನ್ನೂರು ಓದುಗರ ವರದಿ ಹೋಯಿತು.

ಮೇಲಿನ ಕಚೇರಿಯಲ್ಲಿ ಈ ಅಂಕಿಗಳನ್ನೆಲ್ಲ ಒಟ್ಟುಮಾಡಿ ಒಂದು ನಕ್ಷೆ ಬರೆದರು. ಅಡ್ಡಕ್ಕೆ ಗ್ರಂಥಾಲಯದ ಗಾತ್ರ, ಉದ್ದಕ್ಕೆ ಓದುಗರು. ಚುಕ್ಕೆಗಳು ದಾರ ಹಿಡಿದು ಎಳೆದ ಹಾಗೆ ನೇರ ಸಾಲಿನಲ್ಲಿ ನಿಂತವು. ಗ್ರಂಥಾಲಯ ದೊಡ್ಡದಾದಷ್ಟೂ ಓದುಗರು ಹೆಚ್ಚು! ಇಂಥ ಸ್ಪಷ್ಟ ಫಲಿತಾಂಶ ಸಿಕ್ಕಿದ ಮೇಲೆ ಸುಮ್ಮನಿರಲಾಗುತ್ತದೆಯೇ? ಸಣ್ಣವನ್ನೆಲ್ಲ ಮುಚ್ಚಿ ದೊಡ್ಡದರಲ್ಲಿ ವಿಲೀನ ಮಾಡುವ ಪ್ರಸ್ತಾವ ತಯಾರಾಯಿತು. ಪಟ್ಟಿಯ ಮೊದಲ ಸಾಲಿನಲ್ಲೇ ಪಂಪ್ ಹೌಸಿನ ಹೆಸರು. ಓದಿಗಿಂತ ಗಾದಿ ದೊಡ್ಡದು ಎಂದು ಕಚೇರಿಗಳು ಬಹಳ ಕಾಲದಿಂದ ನಂಬಿವೆ, ಈಗ ಅಂಕಿಅಂಶವೂ ಜೊತೆಗೂಡಿತು.

ಸುದ್ದಿ ಕೇಳಿ ಜಗದಾಂಬಾ ಎರಡು ದಿನ ಯಾರನ್ನೂ ಬೈಯಲಿಲ್ಲ. ಅಷ್ಟಕ್ಕೇ ಓದುಗರೆಲ್ಲ ಗಾಬರಿಯಾದರು.

‘ನನ್ನ ಕೆಲಸ ಹೋಗಲ್ಲ, ಅಲ್ಲಿಗೇ ಹಾಕ್ತಾರೆ. ಫ್ಯಾನ್ ಕೆಳಗೆ ಕೂರಬಹುದು’ ಎಂದು ಆ ದಿನಗಳನ್ನು ನೆನೆಯುತ್ತಾರೆ ಅವರು. ‘ಆದ್ರೆ ಬೆಳಗಿನ ಈ ಜನ ಆ ಸಿಗ್ನಲ್ ದಾಟಿ, ಮೂರು ಮಹಡಿ ಹತ್ತಿ ಪೇಪರ್ ಓದೋಕೆ ಹೋಗ್ತಾರಾ? ಹೋಗಲ್ಲ. ಓದೋದನ್ನೇ ಬಿಡ್ತಾರೆ. ಕೋಣೆ ಮುಚ್ಚಿದ್ರೆ ಇವರೆಲ್ಲ ಇನ್ನೊಂದು ಕೋಣೆಗೆ ಹೋಗ್ತಾರೆ ಅನ್ಕೊಂಡಿದಾರೆ. ಇವರೇನು ಪೀಠೋಪಕರಣನಾ, ಲಾರಿಗೆ ಹಾಕಿ ಸಾಗ್ಸೋಕೆ?’

ಆ ನೇರ ಗೆರೆಯನ್ನು ಕಂಡು ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಸಂತೋಷವಾಗಲಿಲ್ಲ. ಅವರು ಅಂಕಿಅಂಶ ವಿಭಾಗದ ಅನಘಾ, ಕೆಲಸಕ್ಕೆ ಸೇರಿ ವರ್ಷ ತುಂಬಿಲ್ಲ. ಒಂದು ಬೆಳಗ್ಗೆ ಹೇಳದೆ ಕೇಳದೆ ಪಂಪ್ ಹೌಸಿಗೆ ಬಂದಿಳಿದರು. ಪರೀಕ್ಷೆಯ ಹುಡುಗರು ಆಗಲೇ ಬಂದು ಜಾಗ ಹಿಡಿದಿದ್ದರಿಂದ ತಪಾಸಣೆಗೆ ಬಂದವರಿಗೆ ಕೂರಲು ಕುರ್ಚಿ ಸಿಗಲಿಲ್ಲ. ಲ್ಯಾಪ್‌ಟಾಪನ್ನು ಪುಸ್ತಕದ ಬೀರುವಿನ ಮೇಲಿಟ್ಟು, ನಿಂತುಕೊಂಡೇ ತಪಾಸಣೆ ನಡೆಸಿದರು.

‘ಮೇಡಂ, ಹೋದ ತಿಂಗಳು ಬೆಂಗಳೂರು ಬಂದ್ ಆಯ್ತಲ್ಲ, ಅವತ್ತು ಇಲ್ಲಿ ಎಷ್ಟು ಜನ ಬಂದಿದ್ರು?’

‘ಹನ್ನೆರಡು.’

‘ಬಂದ್ ಆದ ಮಾರನೇ ದಿನ?’

‘ಹನ್ನೆರಡು.’

‘ಈಗ ಹೊರಗಡೆ ಹಗ್ಗದ ಹತ್ತಿರ ಇದಾರಲ್ಲ, ಅವರು ಯಾರು?’

‘ಅವರು...’ ಜಗದಾಂಬಾ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡರು. ‘ಅವರು ನಿಂತಿದಾರಲ್ಲ ಮೇಡಂ. ನಾವು ಕುರ್ಚಿ ಮಾತ್ರ ಬರೀತೀವಿ.’

ಅನಘಾ ನಗಲಿಲ್ಲ, ಗದರಲೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ಹೋಗಿ ರಾಜ್ಯದಿಂದ ಕ್ರಿಕೆಟ್ಟಿನವರೆಗೆ ಒಂದು ಸುತ್ತು ಹಾಕಿ ಬಂದರು. ‘ನಾವು ಇಷ್ಟು ದಿನ ಕುರ್ಚಿಗೂ ಕುರ್ಚಿಗೂ ಹೋಲಿಕೆ ಮಾಡಿ ಸಂಶೋಧನೆ ಅಂತಿದ್ವಿ. ಗೆರೆ ನೆಟ್ಟಗೆ ಇರದೆ ಇನ್ನೇನು’ ಎಂದರು. ಪ್ರಸ್ತಾವಕ್ಕೆ ಸಹಿ ಬೀಳಲು ಇನ್ನು ಸ್ವಲ್ಪವೇ ಸಮಯವಿತ್ತು. ಒಂದು ವಾರ ಎಲ್ಲ ಗ್ರಂಥಾಲಯಗಳಲ್ಲೂ ತಲೆ ಎಣಿಸಬೇಕು, ಆಡಿಟ್ಟಿನವರಿಗೆ ತಾನೇ ಉತ್ತರ ಕೊಡುತ್ತೇನೆ ಎಂದು ಅವರು ಮೇಲಿನವರನ್ನು ಒಪ್ಪಿಸಿದರು.

ಎಣಿಸುವುದಕ್ಕೆ ಜಗದಾಂಬಾ ಕಂಡುಕೊಂಡ ಉಪಾಯ ಅವರ ಬಲಗೈ ಬೆರಳಿನಲ್ಲಿತ್ತು. ಗುಡಿಯ ಮುಂದಿನ ಅಂಗಡಿಯಲ್ಲಿ ಮಾರುವ ಜಪದ ಕೌಂಟರ್, ಉಂಗುರದ ಹಾಗೆ ತೊಟ್ಟು ಒತ್ತಿದರೆ ಅಂಕಿ ಏರುವಂಥದ್ದು. ಆ ವಾರ ಶಿವನಾಮಕ್ಕೆ ರಜೆ, ಓದುಗರಿಗೆ ಜಪ. ಕರಿಬಸಪ್ಪನವರು ಈಗ ಮೊದಲ ಪಂಕ್ತಿಯ ಖಾಯಂ ಓದುಗರು. ಅವರು ಯಾರೂ ಕೇಳದಿದ್ದರೂ ವಿಜಿಲೆನ್ಸ್ ಅಧಿಕಾರಿಯಾಗಿ ಪಕ್ಕದಲ್ಲೇ ನಿಂತರು.

‘ಜಗದಾಂಬಾ, ಆ ಮನುಷ್ಯನ್ನ ಒತ್ತಬೇಡ. ಅವನು ಪೇಪರ್ ಓದ್ಲಿಲ್ಲ, ಬರೀ ರಾಶಿಭವಿಷ್ಯ ನೋಡ್ಕೊಂಡು ಹೋದ.’

‘ರಾಶಿಭವಿಷ್ಯ ಓದಿದ್ರೂ ಓದೇ ಸಾರ್.’

‘ಹಂಗಾದ್ರೆ ಈ ಕಡೆ ಇವನು? ಜಾಹೀರಾತು ನೋಡ್ತಿದಾನೆ.’

‘ಸೈಟು ಹುಡುಕ್ತಿದಾರೆ ಸಾರ್. ಈ ಊರಲ್ಲಿ ಅದಕ್ಕಿಂತ ಗಂಭೀರವಾದ ಓದು ಯಾವುದಿದೆ?’ ಬೆರಳು ಒತ್ತುತ್ತಾರೆ.

ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಫೋನು. ಮೂರು ಅಂತಸ್ತಿನ ಗ್ರಂಥಾಲಯದ ಸಿದ್ದಲಿಂಗೇಶ್. ದನಿಯಲ್ಲಿ ಬೆವರಿತ್ತು. ‘ಮೇಡಂ, ಇಷ್ಟು ವರ್ಷ ಇನ್ನೂರು ಇನ್ನೂರು ಅಂತ ಬರ್ದಿದೀನಿ. ಎಣಿಸಿದ್ರೆ ಐವತ್ತು ದಾಟ್ತಾ ಇಲ್ಲ. ಒಂದು ಸಹಾಯ ಮಾಡಿ. ನಿಮ್ಮಲ್ಲಿಂದ ಒಂದಷ್ಟು ಜನಾನ ಈ ವಾರ ಮಟ್ಟಿಗೆ ಕಳಿಸಿಕೊಡಿ.’

‘ಜನ ಏನು ಸಕ್ಕರೆನಾ ಸಾರ್, ಒಂದು ಲೋಟ ಕೈಸಾಲ ಕೊಡೋಕೆ?’ ಎಂದು ಜಗದಾಂಬಾ ಫೋನಿಟ್ಟರು. ಕೋಣೆ ಉಳಿಯುವುದು ಈ ಒಂದು ವಾರದ ತಲೆಗಳ ಮೇಲೆ. ಒಂದು ತಲೆಯನ್ನೂ ಬಿಟ್ಟುಕೊಡುವ ಇರಾದೆ ಅವರಿಗಿರಲಿಲ್ಲ. ಬುಧವಾರವಂತೂ ಅಂಕಿ ಇನ್ನೂರ ಮೂವತ್ತರ ಹತ್ತಿರ ಹೋಯಿತು. ಹಿಂದಿನ ಬೀದಿಯ ಹೋಟೆಲಿನವರೂ ಅಭಿಮಾನಕ್ಕೆ ಬಂದು ಒಂದೊಂದು ಪುಟ ಓದಿ ಹೋದರು.

ಗುರುವಾರ ಮಧ್ಯಾಹ್ನ ಮಳೆ ಹಿಡಿಯಿತು. ಮಾಗಡಿ ರಸ್ತೆ ಹೊಳೆಯಾಗುವಂಥ ಮಳೆ. ಒಳಗೆ ಹನ್ನೆರಡು ಕುರ್ಚಿ, ಬೀರುಗಳ ಸಂದಿಯಲ್ಲಿ ಇನ್ನೊಂದು ಹತ್ತು ಮಂದಿ. ಉಳಿದ ಮೂವತ್ತರಷ್ಟು ಹುಡುಗರು ಕಟ್ಟೆಯ ಮೇಲೆ, ಮರದ ಕೆಳಗೆ, ಒಂದೊಂದು ಕೊಡೆಗೆ ಮೂರು ಮೂರು ತಲೆ. ಪುಸ್ತಕಗಳನ್ನು ಅಂಗಿಯೊಳಗೆ ಸೇರಿಸಿಕೊಂಡು ನಿಂತಿದ್ದರು. ಭಾನುವಾರ ಅವರಿಗೆ ಪರೀಕ್ಷೆ.

ಜಗದಾಂಬಾ ಬಾಗಿಲಿಗೆ ಬಂದರು. ‘ಲೋ ಶ್ರೀಶೈಲ, ನೆಂದು ತೊಪ್ಪೆಯಾಗಿದೀರ. ರೂಮಿಗಾದ್ರೂ ಹೋಗಿ ಓದ್ಕೊಳ್ರೋ.’

ಸಿಂದಗಿಯ ಶ್ರೀಶೈಲ ಆ ಗುಂಪಿಗೆ ಮುಂದಾಳು. ‘ರೂಮಿನ್ಯಾಗ ಆರು ಮಂದಿ ಅದೀವ್ರಿ ಅಕ್ಕಾರ, ಓದಾಕ ಆಗೂದಿಲ್ಲ. ಇಲ್ಲೇ ಇರ್ತೀವ್ರಿ.’

‘ಇಲ್ಲಿ ಯಾವ ಅಕ್ಷರ ಕಾಣ್ತಿದೆ ನಿನಗೆ?’

‘ಕಾಣದಿದ್ರ ಬಿಡ್ರಿ. ಈ ವಾರ ಯಾರೂ ಜಾಗ ಬಿಟ್ಟು ಕದಲಬಾರದು ಅಂತ ಮಾತಾಡಿಕೊಂಡೇವಿ. ನಾವು ಹೋದ್ರ ನಿಮ್ಮ ಲೆಕ್ಕ ಕಡಿಮಿ ಆಗ್ತೈತಿ, ಆಮ್ಯಾಲ ಈ ಖೋಲಿ ಮುಚ್ಚತಾರ.’

ಹುಡುಗರು ಪರೀಕ್ಷೆಯನ್ನು ಬದಿಗಿಟ್ಟು ಅವರಿಗಾಗಿ ಮಳೆಯಲ್ಲಿ ತಲೆ ಒಡ್ಡಿದ್ದರು. ಜಗದಾಂಬಾ ಬೆರಳಿನ ಕೌಂಟರನ್ನೊಮ್ಮೆ ನೋಡಿಕೊಂಡರು. ಆಮೇಲೆ ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡು ಫೋನು ತೆಗೆದರು.

‘ಸಿದ್ದಲಿಂಗೇಶ್ ಸಾರ್, ನಿಮ್ಮಲ್ಲಿ ಎಷ್ಟು ಕುರ್ಚಿ ಖಾಲಿ ಇದೆ?’

‘ನೂರೈವತ್ತು. ಯಾಕೆ ಮೇಡಂ, ಆಡ್ಕೊಳೋಕಾ?’

‘ಮೂವತ್ತು ಜನ ಬರ್ತಾರೆ. ಪರೀಕ್ಷೆ ಹುಡುಗರು, ಒದ್ದೆಯಾಗಿದಾರೆ. ಲೈಟ್ ಹಾಕಿಡಿ. ರಾತ್ರಿ ಎಂಟಾದ್ರೂ ಎಬ್ಬಿಸ್ಬೇಡಿ.’

‘ಮೇಡಂ, ಇದು ಎಣಿಸೋ ವಾರ. ಇವರೆಲ್ಲ ನನ್ನ ಲೆಕ್ಕಕ್ಕೆ ಬರ್ತಾರೆ. ನಿಮಗೆ ಗೊತ್ತು ತಾನೆ?’

‘ಗೊತ್ತು ಸಾರ್. ಭಾನುವಾರದವರೆಗೂ ಅಲ್ಲೇ ಇರ್ತಾರೆ, ಇಟ್ಕೊಳ್ಳಿ.’

ಶ್ರೀಶೈಲ ಒಪ್ಪಲಿಲ್ಲ. ‘ಅಕ್ಕಾರ, ಹುಚ್ಚರಂಗ ಮಾಡಬ್ಯಾಡ್ರಿ’ ಎಂದ. ‘ನಿಂಗ್ಯಾಕೋ ನನ್ನ ಲೆಕ್ಕ? ನಿನ್ನ ಗಣಿತಾನೇ ಸರಿಯಾಗಿ ಬರಲ್ಲ, ಹೋಗಿ ಅದನ್ನ ಮಾಡು, ನಡೀ’ ಎಂದು ಇವರು ಕೊಡೆಯ ಹಿಡಿಯಿಂದಲೇ ತಿವಿದು ಅಟ್ಟಿದರು. ಎರಡನೆಯ ಪಂಕ್ತಿ ಸಾಲಾಗಿ ಮೆಟ್ರೋ ಕಂಬಗಳ ಕಡೆ ನಡೆದುಹೋಯಿತು. ಬಾಗಿಲಲ್ಲಿ ನಿಂತಿದ್ದ ಕರಿಬಸಪ್ಪನವರು ಏನೋ ಹೇಳಲು ಬಾಯಿ ತೆರೆದವರು, ಜಗದಾಂಬಾ ಮುಖ ನೋಡಿ, ಮಳೆ ಜೋರಾಯಿತು ಎಂದಷ್ಟೇ ಹೇಳಿದರು.

ಆ ದಿನದ ಅಂಕಿ ದೊಪ್ಪನೆ ಬಿತ್ತು. ಶುಕ್ರವಾರ, ಶನಿವಾರವೂ ಮೇಲೇಳಲಿಲ್ಲ. ಬಿದ್ದದ್ದನ್ನು ಬಿದ್ದ ಹಾಗೇ ಬರೆದು ಕಳಿಸಿದ ಜಗದಾಂಬಾ, ಫಲಿತಾಂಶಕ್ಕೆ ಕಾಯುತ್ತಾ ಬೀರುಗಳನ್ನೆಲ್ಲ ಎರಡೆರಡು ಸಲ ಒರೆಸಿದರು. ‘ಪಶ್ಚಾತ್ತಾಪ ಆಗ್ಲಿಲ್ಲ. ಒರೆಸೋಕೆ ಮಾತ್ರ ಬೀರು ಸಾಲ್ಲಿಲ್ಲ’ ಎನ್ನುತ್ತಾರೆ.

ಎರಡು ವಾರದ ಮೇಲೆ ಅನಘಾ ಮತ್ತೆ ಬಂದರು, ಲ್ಯಾಪ್‌ಟಾಪಿನಲ್ಲಿ ಹೊಸ ನಕ್ಷೆಯೊಂದಿಗೆ. ಹಳೆಯ ನೇರ ಗೆರೆ ಮಾಯವಾಗಿ, ಚುಕ್ಕೆಗಳು ಕಡ್ಲೆಪುರಿ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ದೊಡ್ಡ ಕಟ್ಟಡಗಳಲ್ಲಿ ಕೆಲವು ತುಂಬಿದ್ದವು, ಕೆಲವು ಖಾಲಿ. ಸಣ್ಣವುಗಳಲ್ಲೂ ಅಷ್ಟೇ. ಜಾಗ ಬೇಡವೆಂದಲ್ಲ. ಆದರೆ ಬಾಗಿಲು ಯಾವಾಗ ತೆರೆಯುತ್ತದೆ, ಮನೆಯಿಂದ ಎಷ್ಟು ದೂರ, ಒಳಗಿರುವವರು ಬಂದವರ ಮುಖ ನೋಡುತ್ತಾರೋ ಇಲ್ಲವೋ, ಇವು ಚದರಡಿಯಷ್ಟೇ ತೂಗುತ್ತಿದ್ದವು. ಕುರ್ಚಿಗೆ ಎಷ್ಟು ಓದುಗರೆಂದು ಭಾಗಿಸಿದರೆ, ಮೂವತ್ತು ಜನರನ್ನು ಕಳೆದುಕೊಂಡ ಮೇಲೂ ಪಂಪ್ ಹೌಸ್ ಎಲ್ಲರಿಗಿಂತ ಮೇಲಿತ್ತು.

ವಿಲೀನದ ಪಟ್ಟಿಯಿಂದ ಈ ಕೋಣೆಯನ್ನು ಕೈಬಿಡಲಾಗಿದೆ. ಆದೇಶದ ಭಾಷೆಯಲ್ಲಿ ಹೇಳುವುದಾದರೆ, ‘ಸದ್ಯಕ್ಕೆ ಮುಂದುವರಿಸತಕ್ಕದ್ದು’. ಸರ್ಕಾರದ ಕಾಲಮಾಪನದಲ್ಲಿ ‘ಸದ್ಯಕ್ಕೆ’ ಎಂಬುದು ಅತ್ಯಂತ ದೀರ್ಘವಾದ ಅವಧಿ ಎಂದು ಬಲ್ಲ ಕರಿಬಸಪ್ಪನವರು ಮೊದಲ ಪಂಕ್ತಿಗೆಲ್ಲ ಮೈಸೂರು ಪಾಕು ಹಂಚಿದರು. ವರದಿಯಲ್ಲಿ ಈಗ ಎರಡು ಕಲಂ, ಆಸನಕ್ಕೆ ಒಂದು, ಓದುಗರಿಗೆ ಇನ್ನೊಂದು. ಪರೀಕ್ಷೆ ಮುಗಿದ ಮೇಲೆ ಹುಡುಗರಲ್ಲಿ ಅರ್ಧದಷ್ಟು ಮಂದಿ ವಾಪಸ್ಸು ಬಂದರು, ಇನ್ನರ್ಧ ಸಿದ್ದಲಿಂಗೇಶರ ಫ್ಯಾನಿನ ಕೆಳಗೇ ಉಳಿದರು. ಶ್ರೀಶೈಲ ಬೆಳಗ್ಗೆ ಅಲ್ಲಿ, ಸಂಜೆ ಇಲ್ಲಿ. ಎರಡು ಕಡೆಯೂ ಅವನನ್ನು ಎಣಿಸುತ್ತಾರೆ.

ಹೊರಡುವ ಮುಂಚೆ ಅನಘಾ ಕೇಳಿದರು, ‘ಇಲಾಖೆಯಿಂದ ಏನು ಬೇಕು ಹೇಳಿ ಮೇಡಂ. ಈ ಅಂಕಿ ಇಟ್ಕೊಂಡು ದೊಡ್ಡ ಕಟ್ಟಡಾನೇ ಕೇಳಬಹುದು ನಾವು.’

‘ಅಯ್ಯೋ, ದೊಡ್ಡದನ್ನ ಗುಡ್ಸೋರ್ಯಾರು ಮೇಡಂ? ಈ ಹೊರಗಿನ ಗೋಡೆಗೆ ಒಂದು ತಗಡಿನ ಶೀಟು ಹಾಕ್ಸಿಕೊಡಿ, ಮರದವರೆಗೂ ಬರೋ ಹಾಗೆ. ಮಳೆ ಬಂದ್ರೆ ಯಾರನ್ನೂ ಕಳಿಸೋ ಪರಿಸ್ಥಿತಿ ಬರಬಾರ್ದು.’

‘ಅವತ್ತು ನೀವು ಕಳಿಸಿದ್ದು ಸರಿಯಾಗೇ ಇತ್ತಲ್ಲ?’

‘ಸರಿ ಇತ್ತು ಮೇಡಂ’ ಎಂದರು ಜಗದಾಂಬಾ. ‘ಆದ್ರೆ ಮಳೆ ಬಂದಾಗಲೆಲ್ಲ ಸರಿಯಾದ್ದನ್ನೇ ಮಾಡೋ ಅಷ್ಟು ದೊಡ್ಡವಳಲ್ಲ ನಾನು.’